ಕೊಡಲಿಯಿಂದ ಮೂಡಿದ ಗಾಲಿ

1907ನೆಯ ಇಸವಿಯ ಜನವರಿ 31ರಂದು ಪ್ಯಾರಿಸ್ ನಗರದ ‘ಲ ಮಾತಾಂ’ ಎಂಬ ದಿನಪತ್ರಿಕೆಯಲ್ಲಿ ವಿಚಿತ್ರವಾದ ಒಂದು ಆಹ್ವಾನ ಪ್ರಕಟವಾಯಿತು. ಚೀನಾದ ರಾಜಧಾನಿಯಾದ ಪೀಕಿಂಗ್ ನಗರದಿಂದ ಪ್ಯಾರಿಸ್ಸಿನವರೆಗೆ ಮೋಟಾರು ಗಾಡಿಯಲ್ಲಿ ಪ್ರಯಾಣ ಮಾಡಲು ಸಿದ್ಧರಿರುವವರು ಯಾರಾದರೂ ಇದ್ದಾರೆಯೇ ಎಂದು ಆ ಪತ್ರಿಕೆ ಕೇಳಿತ್ತು. ಇಂದು ಬೀಜಿಂಗ್ ಎಂದು ಕರೆಯಲಾಗುವ ಪೀಕಿಂಗ್‌ಗೂ ಪ್ಯಾರಿಸ್ಸಿಗೂ ನಡುವೆ ಪರ್ವತಗಳಿದ್ದವು, ಗೋಬಿ ಮರುಭೂಮಿಯಿತ್ತು, ಸೈಬೀರಿಯದ ಅರಣ್ಯಗಳೂ ಜೌಗು ನೆಲಗಳೂ ಇದ್ದವು. ಹಾದಿಯ ಉದ್ದ ಸುಮಾರು 15,000 ಕಿಲೋಮೀಟರುಗಳು. ಅದರ ಬಹುಭಾಗದಲ್ಲಿ ರಸ್ತೆ ಎನ್ನಬಹುದಾದ ರಸ್ತೆಯೇ ಇರಲಿಲ್ಲ. ಒಂಟೆಗಳ ಸಾಲು ನಡೆದು ಮೂಡಿದ ಜಾಡು, ಕುದುರೆಗಾಡಿಗಳು ಕೊರೆದ ಕೊರಕಲು, ಇಷ್ಟೇ ಅಲ್ಲಿಯ ಮಾರ್ಗ.

ಆ ಕಾಲಕ್ಕೆ ಮೋಟಾರು ಗಾಡಿಯೆಂಬುದು ಇನ್ನೂ ಎಳೆಯ ಶಿಶು. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಗಾಡಿಗೆ ಹಕ್ಕುಪತ್ರ ಪಡೆದದ್ದು 1886ರಲ್ಲಿ. ಎರಡು ವರ್ಷಗಳ ತರುವಾಯ, 1888ರಲ್ಲಿ, ಅವನ ಪತ್ನಿ ಬೆರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳೊಡನೆ ಅಂಥ ಗಾಡಿಯಲ್ಲಿ ಮಾನ್‌ಹೈಮ್ ಪಟ್ಟಣದಿಂದ ಫೋರ್ಟ್ಸ್‌ಹೈಮ್ ಪಟ್ಟಣದ ತನ್ನ ತವರುಮನೆಗೆ ಸುಮಾರು 100 ಕಿಲೋಮೀಟರು ಹೋದಳು. ಗಾಡಿ ದಾರಿಯುದ್ದಕ್ಕೂ ಕೆಡುತ್ತಲೇ ಹೋಯಿತು. ಇಂಧನ ಸಾಗುವ ಕೊಳವೆ ಕಟ್ಟಿಕೊಂಡಾಗ ಆಕೆ ಟೋಪಿಗೆ ಚುಚ್ಚಿಕೊಂಡಿದ್ದ ಸೂಜಿಯಿಂದ ಅದನ್ನು ಶುಚಿಮಾಡಿದಳು. ಇಂಧನ ಮುಗಿದಾಗ ಔಷಧದ ಅಂಗಡಿಯೊಂದರಲ್ಲಿ ಅದನ್ನು ಕೊಂಡಳು. ಸರಪಳಿಯನ್ನು ಕಮ್ಮಾರನು ಸರಿಪಡಿಸಿದನು. ತಡೆಗಟ್ಟೆಗೆ ಮೋಚಿಯು ಚರ್ಮವನ್ನು ಹೊಡೆದುಕೊಟ್ಟನು. ಮೋಟಾರಿನ ಮೊದಲ ದೀರ್ಘ ಪ್ರಯಾಣದಲ್ಲಿಯೇ ಒಂದು ಸತ್ಯ ಹೊರಬಿದ್ದಿತ್ತು: ಯಂತ್ರ ತಾನಾಗಿ ಗುರಿ ಮುಟ್ಟುವುದಿಲ್ಲ, ದಾರಿಯ ಇಕ್ಕೆಲಗಳ ಜನ ಅದನ್ನು ಮುಟ್ಟಿಸುತ್ತಾರೆ. ಪೀಕಿಂಗ್–ಪ್ಯಾರಿಸ್ ಪ್ರಯಾಣದಲ್ಲಿ ಈ ಸತ್ಯ ಇನ್ನೂ ದೊಡ್ಡ ಪ್ರಮಾಣದಲ್ಲಿ ಪ್ರಕಟವಾಗುವುದಿತ್ತು.

1907ರ ಜೂನ್ 10ರಂದು ಪೀಕಿಂಗ್‌ನಿಂದ ಐದು ವಾಹನಗಳು ಹೊರಟವು. ಅವುಗಳಲ್ಲಿ ಎರಡು ಫ್ರಾನ್ಸಿನ ದ ದಿಯೋನ್-ಬೂತೋನ್ ಗಾಡಿಗಳು. ಒಂದು ಹಾಲೆಂಡಿನ ಸ್ಪೈಕರ್. ಒಂದು ಕೊಂತಾಲ್ ಎಂಬ ಮೂರು ಚಕ್ರದ ಹಗುರವಾದ ಫ್ರೆಂಚ್ ಗಾಡಿ. ಐದನೆಯದು ಇಟಲಿಯ ಇತಾಲಾ. ಇತಾಲಾ ಎಲ್ಲಕ್ಕಿಂತ ಬಲಶಾಲಿಯಾದ, ಎಲ್ಲಕ್ಕಿಂತ ಭಾರವಾದ ಗಾಡಿ. ಭಾರವಾದ ಗಾಡಿ ಕೆಸರಿನಲ್ಲಿ ಹೂತುಹೋಗುವುದೆಂದೂ ಹಗುರವಾದ ಗಾಡಿಯೇ ಇಂಥ ಹಾದಿಗೆ ತಕ್ಕದ್ದೆಂದೂ ಉಳಿದವರ ನಂಬಿಕೆಯಾಗಿತ್ತು.

ಇತಾಲಾದಲ್ಲಿ ಮೂವರು ಪ್ರಯಾಣಿಕರಿದ್ದರು. ಮೊದಲನೆಯವನು ರೋಮಿನ ಪ್ರಾಚೀನ ಶ್ರೀಮಂತ ಮನೆತನದ ಶಿಪಿಯೋನೆ ಬೊರ್ಗೇಸೆ. ಅವನು ಪರ್ವತಾರೋಹಿ, ಏಷ್ಯದಲ್ಲಿ ಸಂಚರಿಸಿದ ಅನುಭವಿ, ಎಲ್ಲವನ್ನೂ ಮುಂದಾಗಿ ಲೆಕ್ಕಹಾಕುವ ಸ್ವಭಾವದವನು. ಎರಡನೆಯವನು ‘ಕೊರಿಯೇರೆ ದೆಲ್ಲ ಸೇರ’ ಎಂಬ ಇಟಲಿಯ ಪತ್ರಿಕೆಯ ವರದಿಗಾರ ಲೂಯಿಜಿ ಬಾರ್ಜೀನಿ. ಈ ಪ್ರಯಾಣವನ್ನು ಕುರಿತು ಅವನು ಬರೆದ ಗ್ರಂಥ 1908ರಲ್ಲಿ ಪ್ರಕಟವಾಯಿತು. ಮೂರನೆಯವನು ಯಂತ್ರಕುಶಲಿ ಎತ್ತೋರೆ ಗ್ವಿಜ್ಜಾರ್ದಿ. ಇವನ ತಂದೆ ರೈಲ್ವೆ ಎಂಜಿನ್ ಚಾಲಕ. ಮಗ ಅದೇ ಎಂಜಿನಿನಲ್ಲಿ ಒಲೆಗೆ ಇದ್ದಲು ಹಾಕುವವನು. ಬೊರ್ಗೇಸೆಯ ಮನೆಯ ಸಮೀಪದಲ್ಲಿ ರೈಲು ಹಳಿ ತಪ್ಪಿದಾಗ ತಂದೆ ಮಡಿದನು, ಹುಡುಗ ಗಾಯಗೊಂಡನು. ಬೊರ್ಗೇಸೆ ಅವನನ್ನು ತನ್ನ ಮನೆಯಲ್ಲಿ ಇರಿಸಿಕೊಂಡು ಶುಶ್ರೂಷೆ ಮಾಡಿಸಿ, ಮುಂದೆ ಯಂತ್ರವಿದ್ಯೆಯನ್ನು ಕಲಿಯಲು ಕಳುಹಿಸಿದನು. ಬೊರ್ಗೇಸೆ ಈ ಮಹಾಯಾನಕ್ಕೆ ಹೊರಟಾಗ ಗಾಡಿಯ ಪ್ರತಿಯೊಂದು ತಿರುಪನ್ನೂ ಬಲ್ಲವನಾಗಿ ಅವನ ಬಳಿ ಕುಳಿತವನು ಅದೇ ಗ್ವಿಜ್ಜಾರ್ದಿ.

ಹೊರಡುವುದಕ್ಕೆ ಮುಂಚೆ ಬೊರ್ಗೇಸೆ ಕುದುರೆಯನ್ನೇರಿ ಪೀಕಿಂಗ್‌ನ ಉತ್ತರದ ಬೆಟ್ಟಗಳಿಗೆ ಹೋಗಿ ಬಂದಿದ್ದನು. ಅವನ ಕೈಯಲ್ಲಿ ಇತಾಲಾದ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಒಂದು ಬಿದಿರುಕೋಲಿತ್ತು. ಬಂಡೆಗಳ ನಡುವಣ ಇಕ್ಕಟ್ಟಾದ ಕಣಿವೆಗಳಲ್ಲಿ ಆ ಕೋಲನ್ನು ಅಡ್ಡಹಿಡಿದು, ಗಾಡಿ ನುಸುಳಲು ಎಡೆಯುಂಟೋ ಇಲ್ಲವೋ ಎಂದು ಅವನು ಅಳೆದು ನೋಡಿದನು. ಪೆಟ್ರೋಲನ್ನು ಒಂಟೆಗಳ ಮೇಲೆ ಹೇರಿಸಿ ಮರುಭೂಮಿಯ ನೆಲೆಗಳಿಗೆ ಮುಂದಾಗಿಯೇ ಕಳುಹಿಸಲಾಗಿತ್ತು. ಗಾಡಿಯ ಪಕ್ಕಗಳಲ್ಲಿ ಕೆಸರುತಡೆಯ ಬದಲು ನಾಲ್ಕು ಉದ್ದನೆಯ ಲೋಹದ ಹಲಗೆಗಳನ್ನು ಜೋಡಿಸಲಾಗಿತ್ತು. ಅಗತ್ಯ ಬಿದ್ದಾಗ ಅವುಗಳನ್ನು ಬಿಚ್ಚಿ ಹಳ್ಳಗಳ ಮೇಲೆ ಸೇತುವೆಯಂತೆ ಹಾಸಬಹುದಾಗಿತ್ತು. ಇಷ್ಟೆಲ್ಲ ಮುಂದಾಲೋಚನೆಯಿದ್ದರೂ ಪ್ರಯಾಣದಲ್ಲಿ ಲೆಕ್ಕಕ್ಕೆ ಸಿಗದ ಸಂಗತಿಗಳು ಬಹಳವಿದ್ದವು.

ಮೊದಲ ಪರೀಕ್ಷೆ ಪೀಕಿಂಗ್‌ನ ಉತ್ತರಕ್ಕೆ ನಾನ್ಕೌ ಕಣಿವೆಯಲ್ಲಿಯೇ ಎದುರಾಯಿತು. ಕಡಿದಾದ ಏರಿನಲ್ಲಿ, ಬಂಡೆಗಳ ಮೇಲೆ, ಯಂತ್ರದ ಬಲ ಉಪಯೋಗಕ್ಕೆ ಬರಲಿಲ್ಲ. ಗಾಡಿಯ ಭಾರವನ್ನೆಲ್ಲ ಇಳಿಸಿ, ಹಗ್ಗ ಕಟ್ಟಿ, ಚೀನೀ ಕೂಲಿಕಾರರು ಅದನ್ನು ಎಳೆದರು, ಹೇಸರಕತ್ತೆಗಳೂ ಎಳೆದವು. ಇಳಿಜಾರುಗಳಲ್ಲಿ ಅದೇ ಹಗ್ಗಗಳನ್ನು ಹಿಂದಿನಿಂದ ಬಿಗಿಹಿಡಿದು ಅದನ್ನು ಮೆಲ್ಲಮೆಲ್ಲನೆ ಇಳಿಸಿದರು. ಕುದುರೆಯನ್ನೂ ಒಂಟೆಯನ್ನೂ ಅನಾವಶ್ಯಕವೆನಿಸಲು ಹೊರಟಿದ್ದ ಯಂತ್ರವು ಮೊದಲ ದಿನಗಳಲ್ಲಿ ಮುಂದೆ ಸಾಗಿದ್ದು ಮನುಷ್ಯರ ತೋಳಿನ ಬಲದಿಂದ.

ಚೀನಾದ ಮಹಾಗೋಡೆಯನ್ನು ದಾಟಿದ ಮೇಲೆ ಗೋಬಿ ಮರುಭೂಮಿಯ ಪ್ರದೇಶ ಆರಂಭವಾಯಿತು. ಅಲ್ಲಿ ದಾರಿ ತೋರುತ್ತಿದ್ದುದು ತಂತಿಕಂಬಗಳ ಒಂದು ಸಾಲು. ಪಾಂಗ್‌ಕಿಯಾಂಗ್ ಎಂಬಲ್ಲಿ ಒಂಟಿಯಾಗಿ ನಿಂತಿದ್ದ ತಂತಿ ಕಛೇರಿಯಿಂದ ಬಾರ್ಜೀನಿ ತನ್ನ ಪತ್ರಿಕೆಗೆ ವರದಿ ಕಳುಹಿಸಿದನು. ಅದಕ್ಕೆ ಕ್ರಮಸಂಖ್ಯೆ 1 ಎಂದು ಗುರುತು ಹಾಕಿದರು. ಆ ದಿನದ ಮೊದಲ ತಂತಿ ಇರಬೇಕೆಂದು ಅವನು ಭಾವಿಸಿದನು. ಆ ಕಛೇರಿ ಸ್ಥಾಪನೆಯಾದಂದಿನಿಂದ ಅಲ್ಲಿಂದ ಹೊರಟ ಮೊಟ್ಟಮೊದಲನೆಯ ತಂತಿ ಅದೇ ಎಂದು ಬಳಿಕ ತಿಳಿಯಿತು. ಗೋಬಿಯ ಏಕಾಂತ ಎಂಥದೆಂಬುದನ್ನು ಈ ಒಂದು ಅಂಕಿಯಿಂದಲೇ ಊಹಿಸಬಹುದು.

ಅಂಥ ಏಕಾಂತದಲ್ಲಿ ಗಾಡಿ ನಿಂತುಹೋದರೆ ಪ್ರಾಣಕ್ಕೇ ಸಂಚಕಾರ. ಮೂರು ಚಕ್ರದ ಕೊಂತಾಲ್ ಗಾಡಿಯ ಸವಾರನಾದ ಓಗೂಸ್ತ್ ಪೋನ್ಸ್ ಮತ್ತು ಅವನ ಸಂಗಡಿಗನಿಗೆ ಒದಗಿದ್ದು ಇದೇ ಸ್ಥಿತಿ. ದುರ್ಗಮ ಪ್ರದೇಶಗಳನ್ನು ದಾಟುವವರೆಗೆ ಸ್ಪರ್ಧಿಗಳು ಒಬ್ಬರಿಗೊಬ್ಬರು ನೆರವಾಗಬೇಕೆಂಬ ಮಾತು ಅವರೊಳಗೆ ನಡೆದಿತ್ತು. ಆದರೆ ಹಗುರವಾದ ಆ ಗಾಡಿ ಹಿಂದೆ ಉಳಿಯುತ್ತ ಬಂದಿತು. ಉಳಿದ ಗಾಡಿಗಳು ಮುಂದೆ ಸಾಗಿದವು. ಮರಳುಗಾಡಿನಲ್ಲಿ ಪೆಟ್ರೋಲು ಮುಗಿದು ಕೊಂತಾಲ್ ನಿಂತಿತು. ಮುಂದೆ ಹೋದವರು ಮರಳಿ ಬರಲಿಲ್ಲ. ಗಾಡಿಯನ್ನು ಬಿಟ್ಟು ಬಿಸಿಲಿನಲ್ಲಿ ನಡೆದ ಆ ಇಬ್ಬರೂ ನೀರಿಲ್ಲದೆ ಸಾವಿನ ಅಂಚಿಗೆ ಬಂದಿದ್ದರು. ಆಗ ಅವರನ್ನು ಕಂಡು ಬದುಕಿಸಿದವರು ಮರುಭೂಮಿಯ ಅಲೆಮಾರಿ ಜನ. ಸ್ಪರ್ಧೆಯ ನಿಯಮಗಳನ್ನಾಗಲಿ ಪ್ಯಾರಿಸ್ಸಿನ ಹೆಸರನ್ನಾಗಲಿ ಅರಿಯದ ಆ ಜನಕ್ಕೆ, ಬಾಯಾರಿದವನಿಗೆ ನೀರು ಕೊಡಬೇಕೆಂಬ ಧರ್ಮ ತಿಳಿದಿತ್ತು. ಮಾತು ಕೊಟ್ಟವರು ಮರೆತ ಕರ್ತವ್ಯವನ್ನು ಮಾತು ಕೊಡದವರು ನೆರವೇರಿಸಿದರು. ಪೋನ್ಸ್‌ನ ಸ್ಪರ್ಧೆ ಅಲ್ಲಿಗೆ ಮುಗಿಯಿತು. ಆದರೆ ಅವನ ಪ್ರಾಣ ಉಳಿಯಿತು.

ಇತಾಲಾ ಗೋಬಿಯನ್ನು ದಾಟಿ ಇಂದಿನ ಉಲಾನ್‌ಬಾತರ್ ಆದ ಉರ್ಗಾ ನಗರವನ್ನು ಸೇರಿತು. ಮುಂದೆ ಮರಳಿನ ಬದಲು ಜೌಗು, ನೀರಿನ ಕೊರತೆಯ ಬದಲು ತುಂಬಿ ಹರಿಯುವ ನದಿಗಳು. ಇರೋ ನದಿಗೆ ಸೇತುವೆಯಿರಲಿಲ್ಲ. ಎಂಜಿನಿನಲ್ಲಿ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಎಂಬ ಉಪಕರಣ ನೀರಿನಲ್ಲಿ ನೆನೆದರೆ ಗಾಡಿ ನಿರುಪಯುಕ್ತವಾಗುತ್ತದೆ. ಆದುದರಿಂದ ಗ್ವಿಜ್ಜಾರ್ದಿ ಅದನ್ನು ಬಿಚ್ಚಿ ತೆಗೆದಿರಿಸಿದನು. ಬಳಿಕ ಸ್ಥಳೀಯರು ಗಾಡಿಗೆ ಎತ್ತುಗಳನ್ನು ಕಟ್ಟಿ, ಪ್ರವಾಹದ ನಡುವೆ ಅದನ್ನು ಎಳೆದು ಆಚೆಯ ದಡಕ್ಕೆ ಸೇರಿಸಿದರು.

ರಷ್ಯದ ಗಡಿಯನ್ನು ದಾಟಿದಾಗ ಪ್ರಯಾಣಿಕರು ಇನ್ನು ಒಳ್ಳೆಯ ರಸ್ತೆ ದೊರೆಯುವುದೆಂದು ಹಿಗ್ಗಿದರು. ಆದರೆ ಅವರಿಗೆ ನಿರಾಶೆ ಕಾದಿತ್ತು. ಸೈಬೀರಿಯದ ಉದ್ದಕ್ಕೂ ರೈಲುಮಾರ್ಗ ಹಾಕಲಾಗಿದ್ದುದರಿಂದ ಹಳೆಯ ಹೆದ್ದಾರಿಯನ್ನು ಕೇಳುವವರೇ ಇರಲಿಲ್ಲ. ಬೈಕಾಲ್ ಸರೋವರದ ದಕ್ಷಿಣ ದಂಡೆಯಲ್ಲಿ ಮರದ ಸೇತುವೆಗಳು ಮಳೆಗೂ ಹಿಮಕ್ಕೂ ಸಿಕ್ಕಿ ಕೊಳೆತಿದ್ದವು. ಹಲವು ಸೇತುವೆಗಳು ಕುಸಿದುಹೋಗಿದ್ದವು. ಹೊಸ ವಾಹನವೊಂದು ಬಂದು ಹಳೆಯ ದಾರಿಯನ್ನು ಅಳಿಸಿತ್ತು. ಈಗ ಅದಕ್ಕಿಂತ ಹೊಸದಾದ ವಾಹನ ಬಂದು ಆ ಹಳೆಯ ದಾರಿಯನ್ನೇ ಹುಡುಕುವಂತಾಗಿತ್ತು.

ಬೊರ್ಗೇಸೆ ಅಧಿಕಾರಿಗಳಿಂದ ಅಪೂರ್ವವಾದ ಅನುಮತಿಯೊಂದನ್ನು ಪಡೆದನು. ಅದರಂತೆ ಇತಾಲಾ ಕೆಲವು ಭಾಗಗಳಲ್ಲಿ ರೈಲುಮಾರ್ಗದ ಮೇಲೆಯೇ, ಹಳಿಗಳಡಿಯ ಮರದ ತೊಲೆಗಳ ಮೇಲೆ ಕುಲುಕುತ್ತ, ಮುಂದುವರಿಯಿತು. ಪ್ರತಿಯೊಂದು ತೊಲೆಯೂ ಗಾಲಿಗೆ ಒಂದೊಂದು ಪೆಟ್ಟು. ಸಾವಿರಾರು ಪೆಟ್ಟುಗಳನ್ನು ಆ ಮರದ ಗಾಲಿಗಳು ಸಹಿಸಿಕೊಂಡವು.

ಈ ಪ್ರದೇಶದಲ್ಲಿಯೇ ಘೋರವಾದ ಅಪಘಾತವೊಂದು ಸಂಭವಿಸಿತು. ಮರದ ಸೇತುವೆಯೊಂದನ್ನು ಇತಾಲಾ ದಾಟುತ್ತಿತ್ತು. ಮುಂದಿನ ಗಾಲಿಗಳು ಹಾದುಹೋದವು. ಹಿಂದಿನ ಗಾಲಿಗಳ ಭಾರಕ್ಕೆ ಹಲಗೆಗಳು ಪಟಪಟನೆ ಮುರಿದವು. ಗಾಡಿ ಹಿಂಭಾಗ ಕೆಳಗಾಗಿ ಸೇತುವೆಯ ಒಳಗೆ ಬಿದ್ದು, ಮೂತಿಯನ್ನು ಆಕಾಶಕ್ಕೆ ಎತ್ತಿಕೊಂಡು, ಮುರಿದ ತೊಲೆಗಳ ನಡುವೆ ನಿಂತಿತು. ಕೆಳಗೆ ಹಳ್ಳ, ಮೇಲೆ ಟನ್ನುಗಟ್ಟಲೆ ಭಾರದ ಕಬ್ಬಿಣ. ಮೂವರೂ ಸಣ್ಣಪುಟ್ಟ ಪೆಟ್ಟುಗಳೊಂದಿಗೆ ಬದುಕಿದ್ದು ಅದೃಷ್ಟ. ಆದರೆ ಅಂಥ ಭಾರವನ್ನು ಆ ಕಾಡಿನಲ್ಲಿ ಮೇಲೆತ್ತುವುದು ಹೇಗೆ?

ರೈಲುಮಾರ್ಗದಲ್ಲಿ ಕೆಲಸ ಮಾಡುತ್ತಿದ್ದ ಕಾರ್ಮಿಕರು ಕೊಡಲಿ, ಹಗ್ಗ, ತೊಲೆಗಳೊಡನೆ ನೆರವಿಗೆ ಬಂದರು. ಅವರ ಬಳಿ ಎತ್ತುಯಂತ್ರವಿರಲಿಲ್ಲ. ಭಾರವಾದ ಮರಗಳನ್ನು ಎತ್ತಿ ಇಳಿಸಿದ ಅನುಭವವಿತ್ತು. ತೊಲೆಗಳನ್ನು ಸನ್ನೆಗೋಲಾಗಿ ಮಾಡಿ, ಗಾಡಿಯನ್ನು ಅಂಗುಲ ಅಂಗುಲವಾಗಿ ಮೇಲೆತ್ತಿ, ಮತ್ತೆ ಗಟ್ಟಿನೆಲದ ಮೇಲೆ ನಿಲ್ಲಿಸಿದರು. ಗ್ವಿಜ್ಜಾರ್ದಿ ಯಂತ್ರವನ್ನು ಪರೀಕ್ಷಿಸಿ ಚಾಲೂ ಮಾಡಿದನು. ಅದು ಗುಡುಗಿತು, ಸುತ್ತಲಿದ್ದವರ ಮುಖಗಳಲ್ಲಿ ನಗೆ ಮೂಡಿತು.

ಹಿಂದಿನಿಂದ ಬರುತ್ತಿದ್ದ ಗಾಡಿಗಳಿಗೂ ವಿಪತ್ತುಗಳು ತಪ್ಪಲಿಲ್ಲ. ಶಾರ್ಲ್ ಗೊದಾರ್ ನಡೆಸುತ್ತಿದ್ದ ಸ್ಪೈಕರ್ ಗಾಡಿಯ ಮ್ಯಾಗ್ನೆಟೊ ಇರ್ಕುತ್ಸ್ಕ್ ನಗರದ ಪಶ್ಚಿಮಕ್ಕಿರುವ ಚೆರೆಮ್‌ಖೊವೊದ ಬಳಿ ಕೆಟ್ಟುಹೋಯಿತು. ಮ್ಯಾಗ್ನೆಟೊ ಕಿಡಿ ಕೊಡದಿದ್ದರೆ ಪೆಟ್ರೋಲು ಹೊತ್ತಿಕೊಳ್ಳುವುದಿಲ್ಲ. ಪೆಟ್ರೋಲು ಹೊತ್ತಿಕೊಳ್ಳದಿದ್ದರೆ ಎಂಜಿನು ಬರಿಯ ಕಬ್ಬಿಣದ ಮುದ್ದೆ. ಇಂಥ ಸೂಕ್ಷ್ಮ ವಿದ್ಯುತ್ ಉಪಕರಣವನ್ನು ಸರಿಪಡಿಸುವವರು ಹಳ್ಳಿಗಳಲ್ಲಿ ದೊರೆಯುವಂತಿರಲಿಲ್ಲ. ಗೊದಾರ್ ತನ್ನ ಗಾಡಿಯನ್ನು ರೈಲಿನಲ್ಲಿ ತೋಮ್ಸ್ಕ್ ನಗರಕ್ಕೆ ಸಾಗಿಸಿದನು. ಅಲ್ಲಿಯ ತಾಂತ್ರಿಕ ವಿದ್ಯಾಲಯದಲ್ಲಿ ಮ್ಯಾಗ್ನೆಟೊ ದುರಸ್ತಿಯಾಯಿತು. ಆಮೇಲೆ ಗೊದಾರ್ ತೋಮ್ಸ್ಕ್‌ನಿಂದಲೇ ಮುಂದೆ ಹೊರಡಬಹುದಾಗಿತ್ತು. ಆದರೆ ಅವನು ಹಾಗೆ ಮಾಡದೆ, ಗಾಡಿ ಕೆಟ್ಟು ನಿಂತ ಸ್ಥಳಕ್ಕೇ ರೈಲಿನಲ್ಲಿ ಮರಳಿದನು. ಅಲ್ಲಿಂದ ಹಗಲಿರುಳು ಗಾಡಿ ನಡೆಸಿ ತನಗಿಂತ ಮುಂದೆ ಹೋಗಿದ್ದ ಫ್ರೆಂಚ್ ಗಾಡಿಗಳನ್ನು ಕೂಡಿಕೊಂಡನು. ಕೆಟ್ಟುಹೋದ ಗಾಡಿಯನ್ನು ಸರಿಪಡಿಸುವುದು ಕುಶಲತೆ. ಸರಿಯಾದ ಮೇಲೆ ಬಿಟ್ಟ ಸ್ಥಳದಿಂದಲೇ ಮುಂದುವರಿಯುವುದು ಪ್ರಾಮಾಣಿಕತೆ.

ಇತ್ತ ಇತಾಲಾ ಓಮ್ಸ್ಕ್, ಎಕತೆರಿನ್‌ಬುರ್ಗ್ ನಗರಗಳನ್ನು ದಾಟಿ, ಉರಲ್ ಪರ್ವತಗಳ ಮೂಲಕ ಯೂರೋಪ್ ಖಂಡವನ್ನು ಪ್ರವೇಶಿಸಿತು. ಕಷ್ಟದ ಕಾಲ ಮುಗಿಯಿತೆಂದು ಎಲ್ಲರೂ ಭಾವಿಸಿದ್ದರು. ಆಗಲೇ ಹಿಂದಿನ ಗಾಲಿಯೊಂದು ಕಿರುಗುಟ್ಟಲಾರಂಭಿಸಿತು.

ಆ ಕಾಲದ ಮೋಟಾರಿನ ಗಾಲಿಗಳು ಮರದವು. ನಡುವೆ ಗುಂಬ, ಅದರಿಂದ ಅಂಚಿನವರೆಗೆ ಹಬ್ಬಿದ ಮರದ ಅರಗಳು, ಅಂಚಿನ ಸುತ್ತ ರಬ್ಬರಿನ ಟೈರು. ಅರಗಳು ತಮ್ಮ ತಮ್ಮ ಎಡೆಯಲ್ಲಿ ಬಿಗಿಯಾಗಿ ಕುಳಿತಿರುವವರೆಗೆ ಗಾಲಿ ಭದ್ರ. ಬಿಸಿಲಿನಲ್ಲಿ ಒಣಗಿದಾಗ ಮರ ಕುಗ್ಗುತ್ತದೆ; ಅರಗಳು ಸಡಿಲವಾಗುತ್ತವೆ; ಸಡಿಲವಾದ ಅರಗಳು ಒಂದನ್ನೊಂದು ತಿನ್ನುತ್ತವೆ. ನೀರಿನಲ್ಲಿ ನೆನೆಸಿದರೆ ಮರ ಹಿಗ್ಗಿ ಗಾಲಿ ಸ್ವಲ್ಪಕಾಲ ಬಿಗಿಯಾಗುತ್ತದೆ. ಎತ್ತಿನ ಬಂಡಿಯ ಗಾಲಿಯನ್ನು ಬಲ್ಲ ರೈತನಿಗೆ ಇದು ಹೊಸ ಸಂಗತಿಯಲ್ಲ. ಇತಾಲಾದ ಗಾಲಿಯನ್ನೂ ಹೀಗೆ ನೀರಿನಲ್ಲಿ ನೆನೆಸಿ ಬಿಗಿಗೊಳಿಸುವ ಪ್ರಯತ್ನ ನಡೆಯಿತು. ಆದರೆ ಗೋಬಿಯ ಬಿಸಿಲು, ರೈಲುಮಾರ್ಗದ ಪೆಟ್ಟುಗಳು, ಸೈಬೀರಿಯದ ಕೊರಕಲುಗಳು ಆ ಗಾಲಿಯ ಸತ್ತ್ವವನ್ನು ಹೀರಿಬಿಟ್ಟಿದ್ದವು. ಪೆರ್ಮ್ ನಗರವನ್ನು ದಾಟಿ ಕಜಾನ್ ನಗರದ ಕಡೆಗೆ ಹೋಗುತ್ತಿರುವಾಗ ಅದು ಒಮ್ಮೆಲೇ ಮುರಿದುಬಿತ್ತು.

ಗಾಡಿಯಲ್ಲಿ ಬಿಡಿ ಟೈರುಗಳಿದ್ದವು, ಬಿಡಿ ಗಾಲಿ ಇರಲಿಲ್ಲ. ಎಂಜಿನು ಆರೋಗ್ಯವಾಗಿತ್ತು, ಪೆಟ್ರೋಲೂ ಇತ್ತು. ಒಂದು ಗಾಲಿಯಿಲ್ಲದೆ ಅವೆಲ್ಲ ವ್ಯರ್ಥವಾಗಿದ್ದವು. ಬಿದಿರುಕೋಲಿನಿಂದ ಕಣಿವೆಗಳನ್ನು ಅಳೆದವನ ಮುಂದಾಲೋಚನೆಯೂ ಇಲ್ಲಿಗೆ ಮುಗಿದಿತ್ತು. ಹೊಸ ಗಾಲಿ ಇಟಲಿಯಿಂದ ಬರುವುದಾದರೆ ಎಷ್ಟು ವಾರಗಳು ಬೇಕೋ! ಗ್ವಿಜ್ಜಾರ್ದಿ ಲೋಹವನ್ನು ಬಲ್ಲವನೇ ಹೊರತು ಮರವನ್ನು ಬಲ್ಲವನಲ್ಲ.

ಆಗ ಆ ಭಾಗದ ಜನ ಸಮೀಪದಲ್ಲಿದ್ದ ಒಬ್ಬ ಬಂಡಿ ಮಾಡುವ ಬಡಗಿಯನ್ನು ತೋರಿಸಿಕೊಟ್ಟರು. ಮೋಟಾರಿಗೆ ಗಾಲಿ ಕಟ್ಟುವುದು ಅವನ ಜೀವನದಲ್ಲಿ ಅದೇ ಮೊದಲು. ಅವನ ಕೈಯಲ್ಲಿದ್ದ ಮುಖ್ಯ ಉಪಕರಣ ಒಂದು ಕೊಡಲಿ.

ಕೊಡಲಿಯೆಂದರೆ ಸೌದೆ ಸೀಳುವ ಒರಟು ಸಾಧನವೆಂದು ನಾವು ಭಾವಿಸುತ್ತೇವೆ. ರಷ್ಯದ ಬಡಗಿಗೆ ಅದು ಹಾಗಲ್ಲ. ಅಲ್ಲಿಯ ಅರಣ್ಯ ಪ್ರದೇಶಗಳಲ್ಲಿ ದಿಮ್ಮಿಗಳ ಮನೆಗಳನ್ನೂ ಮರದ ಎತ್ತರವಾದ ದೇವಾಲಯಗಳನ್ನೂ ಕಟ್ಟಿದ ಕುಶಲಿಗಳು ಬಹುಮಟ್ಟಿಗೆ ಕೊಡಲಿಯನ್ನೇ ನೆಚ್ಚಿದ್ದರು. ತಲೆಮಾರುಗಳಿಂದ ಬಂದ ಆ ವಿದ್ಯೆಯಲ್ಲಿ ಕೊಡಲಿಯೇ ಗರಗಸ, ಕೊಡಲಿಯೇ ಉಳಿ, ಕೊಡಲಿಯೇ ಕೀಸುಳಿ. ಬಡಗಿ ಮರವನ್ನು ಕತ್ತರಿಸಿ, ಕೆತ್ತಿ, ನಯಗೊಳಿಸಿ ಹೊಸ ಅರಗಳನ್ನು ಸಿದ್ಧಪಡಿಸಿದನು. ಕಾರ್ಖಾನೆಯಲ್ಲಿ ಯಂತ್ರಗಳು ಅಳತೆಗೆ ಸರಿಯಾಗಿ ಕೊರೆಯುವ ಭಾಗಗಳನ್ನು ಅವನು ಕಣ್ಣಳತೆಯಿಂದ, ಕೈಹದದಿಂದ ಕಡೆದನು. ಒಂದು ಅರ ಉದ್ದವಾದರೆ ಗಾಲಿ ದುಂಡಾಗದು. ಒಂದು ಗಿಡ್ಡವಾದರೆ ಭಾರವೆಲ್ಲ ಪಕ್ಕದ ಅರದ ಮೇಲೆ ಬೀಳುತ್ತದೆ. ಅವನ ಅರಗಳು ಗುಂಬದಲ್ಲಿಯೂ ಅಂಚಿನಲ್ಲಿಯೂ ಬಿಗಿಯಾಗಿ ಕುಳಿತವು.

ಗಾಲಿಯನ್ನು ಗಾಡಿಗೆ ಜೋಡಿಸಿದರು. ಅದು ಭಾರವನ್ನು ತಡೆಯಿತು. ಇತಾಲಾ ಮತ್ತೆ ಹೊರಟಿತು. ನಾಡಿನ ಅತಿ ನೂತನವಾದ ಯಂತ್ರವು ಅತಿ ಪುರಾತನವಾದ ಕಸುಬೊಂದರ ಆಸರೆಯಿಂದ ಕಜಾನ್ ನಗರವನ್ನು ಸೇರಿತು.

ಅಲ್ಲಿಂದ ಮುಂದಿನ ಪ್ರಯಾಣ ಸುಗಮವಾಯಿತು. ಮಾಸ್ಕೋದಲ್ಲಿ ಪ್ರಯಾಣಿಕರಿಗೆ ಸಂಭ್ರಮದ ಸ್ವಾಗತ ದೊರೆಯಿತು. ಬೊರ್ಗೇಸೆ ತನ್ನ ಮುನ್ನಡೆಯನ್ನು ಎಷ್ಟು ನಂಬಿದ್ದನೆಂದರೆ, ನೇರ ದಾರಿಯನ್ನು ಬಿಟ್ಟು ಸೇಂಟ್ ಪೀಟರ್ಸ್‌ಬರ್ಗ್ ನಗರಕ್ಕೆ ಸುತ್ತುಹಾಕಿ ಹೋಗಿ ಔತಣವನ್ನು ಸ್ವೀಕರಿಸಿ ಬಂದನು. ಬರ್ಲಿನ್ ನಗರವನ್ನು ಹಾದು 1907ರ ಆಗಸ್ಟ್ 10ರಂದು, ಹೊರಟ ಎರಡು ತಿಂಗಳಿಗೆ ಸರಿಯಾಗಿ, ಇತಾಲಾ ಪ್ಯಾರಿಸ್ಸನ್ನು ಪ್ರವೇಶಿಸಿತು. ಸುರಿಯುವ ಮಳೆಯಲ್ಲಿಯೂ ಜನ ಬೀದಿಗಳಲ್ಲಿ ಕಿಕ್ಕಿರಿದು ಜಯಘೋಷ ಮಾಡಿದರು. ಸ್ಪೈಕರ್ ಮತ್ತು ದ ದಿಯೋನ್-ಬೂತೋನ್ ಗಾಡಿಗಳು ಬಂದು ಸೇರಿದ್ದು ಇಪ್ಪತ್ತು ದಿನಗಳ ತರುವಾಯ, ಆಗಸ್ಟ್ 30ರಂದು. ಗೆದ್ದ ಗಾಡಿಯನ್ನು ಇಟಲಿಯ ತೂರಿನ್ ನಗರದ ಮೋಟಾರು ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಬಹುದು.

ಗೆದ್ದವನ ಹೆಸರು ಚರಿತ್ರೆಯಲ್ಲಿ ನಿಂತಿದೆ. ಅವನ ಧೈರ್ಯವೂ ಮುಂದಾಲೋಚನೆಯೂ ಆ ಗೌರವಕ್ಕೆ ಯೋಗ್ಯವೇ. ಆದರೆ ಪ್ಯಾರಿಸ್ಸಿನ ಜಯಘೋಷದಲ್ಲಿ ಬೊರ್ಗೇಸೆಗೆ ಮಾತ್ರ ಪಾಲಿತ್ತೆ? ನಾನ್ಕೌ ಕಣಿವೆಯಲ್ಲಿ ಹೆಗಲಿಗೆ ಹಗ್ಗ ಹೊತ್ತ ಕೂಲಿಕಾರರು, ಇರೋ ನದಿಯಲ್ಲಿ ಎತ್ತುಗಳನ್ನು ನಡೆಸಿದವರು, ಮುರಿದ ಸೇತುವೆಯಿಂದ ಗಾಡಿಯನ್ನು ಎತ್ತಿದ ರೈಲ್ವೆ ಕಾರ್ಮಿಕರು, ಕೊಡಲಿಯಿಂದ ಗಾಲಿ ಕಟ್ಟಿದ ಬಡಗಿ, ಇವರಲ್ಲಿ ಒಬ್ಬರು ಇಲ್ಲದಿದ್ದರೂ ಇತಾಲಾ ದಾರಿಯಲ್ಲಿಯೇ ಉಳಿಯುತ್ತಿತ್ತು. ವಿಜೇತರ ಪಟ್ಟಿಯಲ್ಲಿ ಇವರ ಹೆಸರುಗಳಿಲ್ಲ. ಇವರಲ್ಲಿ ಬಹುಮಂದಿಗೆ ಆ ಗಾಡಿ ಎಲ್ಲಿಂದ ಬಂದಿತು, ಎಲ್ಲಿಗೆ ಹೊರಟಿತು ಎಂಬುದರ ಅರಿವೂ ಇದ್ದಿರಲಾರದು. ಎದುರಿಗೆ ಒಂದು ಗಾಡಿ ಕೆಟ್ಟು ನಿಂತಿತ್ತು. ತಮ್ಮ ಕೈಯಲ್ಲಿ ಒಂದು ವಿದ್ಯೆಯಿತ್ತು. ಅಷ್ಟೇ ಅವರಿಗೆ ಸಾಕಾಗಿತ್ತು.

ಗಾಡಿ ಓಡುತ್ತಿರುವಾಗ ಅದರೊಳಗೆ ಕುಳಿತವನಿಗೆ ದಾರಿಬದಿಯ ಜನ ಕ್ಷಣಕಾಲ ಕಂಡು ಮರೆಯಾಗುವ ಚಿತ್ರಗಳು. ಗಾಡಿ ನಿಂತಾಗ ಮಾತ್ರ ಅವರು ಮನುಷ್ಯರಾಗಿ ಎದುರು ಬರುತ್ತಾರೆ. ಇತಾಲಾದ ಗಾಲಿ ಮುರಿಯದೆ ಇದ್ದಿದ್ದರೆ, ಬೊರ್ಗೇಸೆ ಆ ಬಡಗಿಯ ಊರನ್ನು ಧೂಳೆಬ್ಬಿಸಿಕೊಂಡು ದಾಟಿಹೋಗುತ್ತಿದ್ದನು. ಒಂದು ಕೊಡಲಿಯಲ್ಲಿ ಎಷ್ಟು ವಿದ್ಯೆ ಅಡಗಿರಬಲ್ಲದೆಂಬುದು ಅವನಿಗೆ ತಿಳಿಯುತ್ತಲೇ ಇರಲಿಲ್ಲ.

ಪದಗಳ ಅರ್ಥ

ಸಂಚಕಾರ – ಅಪಾಯ, ಕುತ್ತು
ದುರ್ಗಮ – ಹೋಗಲು ಕಷ್ಟವಾದ
ಸನ್ನೆಗೋಲು – ಭಾರವನ್ನು ಮೀಟಿ ಎತ್ತಲು ಬಳಸುವ ಕೋಲು
ಗುಂಬ – ಗಾಲಿಯ ನಡುಭಾಗ
ಅರ – ಗಾಲಿಯ ನಡುಭಾಗದಿಂದ ಅಂಚಿಗೆ ಸೇರುವ ಕಡ್ಡಿ
ಕೀಸುಳಿ – ಮರವನ್ನು ನಯಮಾಡುವ ಉಪಕರಣ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ:
1. ಬೊರ್ಗೇಸೆ ಬಿದಿರುಕೋಲನ್ನು ಏತಕ್ಕೆ ಬಳಸಿದನು?
2. ಇರೋ ನದಿಯನ್ನು ದಾಟುವ ಮೊದಲು ಗ್ವಿಜ್ಜಾರ್ದಿ ಮ್ಯಾಗ್ನೆಟೊವನ್ನು ಏಕೆ ಬಿಚ್ಚಿದನು?
3. ಸೈಬೀರಿಯದ ಹಳೆಯ ಹೆದ್ದಾರಿ ಹಾಳಾಗಲು ಕಾರಣವೇನು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಮರದ ಗಾಲಿಯ ಅರಗಳು ಸಡಿಲವಾಗುವುದು ಹೇಗೆ? ನೀರಿನಲ್ಲಿ ನೆನೆಸುವುದರಿಂದ ಏನಾಗುತ್ತದೆ?
2. ಗೊದಾರ್ ಚೆರೆಮ್‌ಖೊವೊಗೆ ಮರಳಿದ್ದು ಅವನ ಯಾವ ಗುಣವನ್ನು ತೋರಿಸುತ್ತದೆ?

ಇ. ಸಂದರ್ಭ ಸಹಿತ ವಿವರಿಸಿರಿ:
1. “ಮಾತು ಕೊಟ್ಟವರು ಮರೆತ ಕರ್ತವ್ಯವನ್ನು ಮಾತು ಕೊಡದವರು ನೆರವೇರಿಸಿದರು.”
2. “ಗಾಡಿ ನಿಂತಾಗ ಮಾತ್ರ ಅವರು ಮನುಷ್ಯರಾಗಿ ಎದುರು ಬರುತ್ತಾರೆ.”

ಈ. ನಿಮ್ಮ ಊರಿನ ಬಡಗಿ, ಕಮ್ಮಾರ ಅಥವಾ ಯಂತ್ರ ದುರಸ್ತಿ ಮಾಡುವವರೊಬ್ಬರ ಕೆಲಸವನ್ನು ಗಮನಿಸಿ, ಅವರು ಬಳಸುವ ಉಪಕರಣಗಳನ್ನು ಕುರಿತು ಒಂದು ಪುಟ ಬರೆಯಿರಿ.